ಪುಟ್ಟತ್ತೆಯ ಹಾಜರಿ

ಪುಟ್ಟತ್ತೆ ಲೆಕ್ಕ ಮಾಡುತ್ತಿದ್ದದ್ದು ಮೊರದಲ್ಲಿ. ರಾಗಿ ಹಿಟ್ಟನ್ನು ಜರಡಿ ಹಿಡಿದು ಮೊರಕ್ಕೆ ಸುರಿದುಕೊಳ್ಳುವಳು, ಅಂಗೈಯಿಂದ ಮಟ್ಟ ಮಾಡುವಳು, ತೋರುಬೆರಳಿನಿಂದ ತ್ರಿಕೋನ ಎಳೆದು ಮೂರು ಮೂಲೆಗೂ ಅಕ್ಷರ ಇಡುವಳು. ಉತ್ತರ ಸಿಕ್ಕಿದ ಮೇಲೆ ಮೊರದ ಅಂಚಿಗೆ ಎರಡು ಏಟು ತಟ್ಟಿದರೆ ಸಾಕು, ಹಿಟ್ಟು ಏನೂ ಆಗಿಯೇ ಇಲ್ಲವೆಂಬಂತೆ ಸಮವಾಗುತ್ತಿತ್ತು. ಅದೇ ಹಿಟ್ಟು ಎಸರಿಗೆ ಬೀಳುತ್ತಿತ್ತು, ಮುದ್ದೆಯಾಗುತ್ತಿತ್ತು, ಅದನ್ನು ಉಂಡು ನಾನು ಕಾಲೇಜಿಗೆ ಹೋಗುತ್ತಿದ್ದೆ. ಅವಳು ಬಿಡಿಸಿದ ನೂರಾರು ಲೆಕ್ಕಗಳಲ್ಲಿ ಒಂದೂ ಈಗ ಎಲ್ಲೂ ಇಲ್ಲ.

ಪುಟ್ಟತ್ತೆ ಕಾಮಾಲೆಯಾಗಿ ತೀರಿಕೊಂಡು ಒಂದು ವರ್ಷ ಆಗಿಲ್ಲ. ಹೋದ ತಿಂಗಳು ನಮ್ಮೂರಿನಿಂದ ನನಗೊಂದು ಕಾಗದ ಬಂತು. ನಾನು ಓದಿದ ಹೈಸ್ಕೂಲಿನ ಹೆಡ್‌ಮೇಷ್ಟ್ರು ನಿವೃತ್ತರಾಗುತ್ತಿದ್ದಾರಂತೆ, ಅವರಿಗೊಂದು ಅಭಿನಂದನ ಸಂಚಿಕೆ ತರುತ್ತಾರಂತೆ. "ಹನ್ನೆರಡನೇ ವಯಸ್ಸಿಗೇ ಕಾಲೇಜು ಮೆಟ್ಟಿಲು ಹತ್ತಿದ ತಾವು, ತಮ್ಮನ್ನು ರೂಪಿಸಿದವರ ಬಗ್ಗೆ ನಾಲ್ಕು ಮಾತು ಬರೆದುಕೊಡಬೇಕು" ಎಂದು ಕೇಳಿದ್ದರು. ಬರೆಯುತ್ತಿದ್ದೇನೆ. ಆದರೆ ಆ ಸಂಚಿಕೆಗಲ್ಲ, ಅವರ ಬಗ್ಗೆಯೂ ಅಲ್ಲ. ಶಾಲೆಯ ಹೆಸರನ್ನು ಬರೆಯುವುದಿಲ್ಲ. ಮನೆಯವರ, ಊರುಗಳ ಹೆಸರುಗಳನ್ನು ಬದಲಿಸಿದ್ದೇನೆ. ಇದು ಸೌಜನ್ಯದಿಂದ ಮಾಡಿದ್ದಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಪುಟ್ಟತ್ತೆ ನನ್ನ ಅಪ್ಪನ ಕೊನೆಯ ತಂಗಿ. ನನಗಿಂತ ಐದು ವರ್ಷ ದೊಡ್ಡವಳು. ತಾತ ಬೇಗ ಹೋಗಿಬಿಟ್ಟಿದ್ದರಿಂದ ಅವಳನ್ನು ಬೆಳೆಸಿದವರು ಅಪ್ಪನೇ. ಅಪ್ಪ ಅರಕಲಗೂಡಿನಲ್ಲಿ ಗುಮಾಸ್ತರಾಗಿದ್ದರು. ನಮ್ಮ ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಮನೆದೇವರ ಹೆಸರನ್ನೇ ಇಡುವ ಪದ್ಧತಿ. ಹಾಗಾಗಿ ಅವಳೂ ಲಕ್ಷ್ಮೀದೇವಮ್ಮ, ನಾನೂ ಲಕ್ಷ್ಮೀದೇವಮ್ಮ. ಆ ಹೆಸರಿನಿಂದ ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. ಅವಳು ಪುಟ್ಟಿ, ನಾನು ಪಾಪಚ್ಚಿ. ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ ಇಬ್ಬರ ಹೆಸರೂ ಒಂದೇ, ಅದರ ಮುಂದೆ ಪೋಷಕರ ಹೆಸರೂ ಒಂದೇ.

ನಾಲ್ಕು ವರ್ಷದವಳಿದ್ದಾಗಿನಿಂದ ನಾನು ಅವಳ ಲಂಗ ಹಿಡಿದುಕೊಂಡು ಶಾಲೆಗೆ ಹೋಗುತ್ತಿದ್ದೆ. ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರಿರಲಿಲ್ಲ. ಅಮ್ಮ ಹೆತ್ತು ಹೆತ್ತು ಸೊರಗಿದ್ದಳು. ಪುಟ್ಟತ್ತೆಯ ಬೆಂಚಿನ ತುದಿಯಲ್ಲಿ ಕೂತು ಅವಳು ಬಾಯಿಪಾಠ ಮಾಡಿದ್ದನ್ನು ನಾನೂ ಮಾಡಿದೆ. ಅವಳು ತಪ್ಪಾಗಿ ಓದುವುದೇ ಇಲ್ಲವಾದ್ದರಿಂದ ನಾನೂ ತಪ್ಪಾಗಿ ಓದಲಿಲ್ಲ. ಮುಂದೆ ನನ್ನನ್ನು ನನ್ನದೇ ತರಗತಿಗೆ ಸೇರಿಸಿದಾಗ ಅಲ್ಲಿ ಹೇಳಿಕೊಡುವುದೆಲ್ಲ ನನಗೆ ಆಗಲೇ ಬರುತ್ತಿತ್ತು. ಡಬಲ್ ಪ್ರಮೋಷನ್ ಕೊಟ್ಟರು. ಊರೆಲ್ಲ ನನ್ನನ್ನು ಜಾಣೆ ಎಂದಿತು. ನಾನು ಯಾರ ಪಕ್ಕ ಕೂತು ಕಲಿತೆ ಎಂದು ಒಬ್ಬರೂ ಕೇಳಲಿಲ್ಲ.

ಪುಟ್ಟತ್ತೆಗೆ ಜಾಣೆ ಎಂಬ ಮಾತು ಕೇಳಿದರೆ ಆಗುತ್ತಿರಲಿಲ್ಲ. "ಗೊತ್ತಿದ್ರೆ ಗೊತ್ತು ಅನ್ನು, ಗೊತ್ತಿಲ್ದಿದ್ರೆ ಇಲ್ಲ ಅನ್ನು. ಜಾಣತನ ಅಂತ ಮಧ್ಯದಲ್ಲಿ ಏನೇ ಅದು?" ಎನ್ನುತ್ತಿದ್ದಳು.

ಅವಳು ಹೈಸ್ಕೂಲಿನ ಮೊದಲ ತರಗತಿಯಾದ ನಾಲ್ಕನೇ ಫಾರಂಗೆ ಬಂದು ಎರಡು ತಿಂಗಳಾಗಿತ್ತು. ಅಮ್ಮನಿಗೆ ಮತ್ತೊಂದು ಹೆರಿಗೆ. ಈ ಸಲ ಹಾಸಿಗೆ ಹಿಡಿದಳು. ಅಪ್ಪ ಒಂದು ದಿನ ಊಟ ಮಾಡುತ್ತಾ, ತಟ್ಟೆಯಿಂದ ತಲೆ ಎತ್ತದೆ, "ಪುಟ್ಟಿ, ನಾಳೆಯಿಂದ ನೀನು ಮನೇಲಿರು" ಎಂದರು. ಅಷ್ಟೇ. ಅವಳು "ಆಯ್ತಣ್ಣ" ಎಂದು ಸಾರು ಬಡಿಸಿದಳು. ಆಗ ಅವಳಿಗೆ ಹದಿನಾಲ್ಕು.

ಅದೇ ವಾರ ಹೆಡ್‌ಮೇಷ್ಟ್ರು ನನ್ನನ್ನು ಮಿಡ್ಲ್ ಸ್ಕೂಲಿನಿಂದ ಕರೆಸಿ ಅವಳ ಜಾಗದಲ್ಲಿ ಕೂರಿಸಿದರು. ನನ್ನನ್ನು ಅಷ್ಟು ತರಗತಿ ಹಾರಿಸಬೇಕಾದರೆ ಇನ್‌ಸ್ಪೆಕ್ಟರ ಒಪ್ಪಿಗೆ ಬೇಕಿತ್ತು, ನನ್ನ ವಯಸ್ಸಿಗೆ ಅದು ಸಿಗುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಲಕ್ಷ್ಮೀದೇವಮ್ಮ ಎಂಬ ಹೆಸರು ಇದ್ದೇ ಇತ್ತು. ಮೇಷ್ಟ್ರು ಹಾಜರಿ ಕರೆದಾಗ ನಾನು ಸುಮ್ಮನೆ ಕೂತಿದ್ದೆ. "ಹೇಳಮ್ಮ, ನೀನೂ ಲಕ್ಷ್ಮೀದೇವಮ್ಮನೇ ತಾನೆ?" ಎಂದರು ಅವರು. "ಪ್ರೆಸೆಂಟ್ ಸಾರ್" ಎಂದೆ. ತರಗತಿ ನಕ್ಕಿತು. ಮನೆಗೆ ಬಂದು ಹೇಳಿದಾಗ ಎಲ್ಲರೂ ನಕ್ಕರು, ಪುಟ್ಟತ್ತೆಯೂ ನಕ್ಕಳು. "ನನ್ನ ಹಾಜರಿ ಕೆಡದ ಹಾಗೆ ನೋಡ್ಕೋ ಕಣೇ. ಒಂದು ದಿನಾನೂ ತಪ್ಪಿಸಿದವಳಲ್ಲ ನಾನು" ಎಂದಳು. ಅದು ಒಂದು ವಾರದ ತಮಾಷೆ ಎಂದೇ ಅವಳು ತಿಳಿದಿದ್ದಳು. ಮೂರು ವರ್ಷ ನಾನು ಅದೇ ಹಾಜರಿ ಹೇಳಿದೆ. ಆ ಹೆಸರಿನ ಮೇಲೆಯೇ ಎಸ್.ಎಸ್.ಎಲ್.ಸಿ.ಗೆ ಕೂತೆ. ಅರ್ಜಿ ತುಂಬಿದವರು ಹೆಡ್‌ಮೇಷ್ಟ್ರು, ರುಜು ಹಾಕಿದವರು ಅಪ್ಪ.

ಫಲಿತಾಂಶ ಬಂದ ಮೇಲೆ ಶಾಲೆಯಲ್ಲಿ ಸಭೆ ನಡೆಯಿತು. ನನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಹಾರ ಹಾಕಿದರು, ಇಲ್ಲದಿದ್ದರೆ ಹಿಂದಿನವರಿಗೆ ಕಾಣುತ್ತಿರಲಿಲ್ಲ. ಹನ್ನೆರಡು ವರ್ಷದ ಬಾಲೆ, ಹನ್ನೆರಡು ವರ್ಷದ ಬಾಲೆ ಎಂದು ಹೆಡ್‌ಮೇಷ್ಟ್ರು ಎಷ್ಟು ಸಲ ಅಂದರೋ. ಅವರದೇ ಕಪಾಟಿನ ಕಾಗದದಲ್ಲಿ ನನಗೆ ಹದಿನೇಳು ಎಂಬುದು ಅವರಿಗೆ ಗೊತ್ತಿತ್ತು. ಇವತ್ತಿಗೂ ಆ ಮೇಜು ನೆನಪಾದರೆ ನನಗೆ ಮೈ ಉರಿಯುತ್ತದೆ.

ಹನ್ನೆರಡು ವರ್ಷದವಳನ್ನು ಕಾಲೇಜಿಗೆಂದು ಹಾಸನದಲ್ಲಿ ಒಬ್ಬಳೇ ಬಿಡುವ ಹಾಗಿರಲಿಲ್ಲ. ಅಡಿಗೆ ಮಾಡಿಹಾಕಲು, ತಲೆ ಬಾಚಲು, ಕಾಲೇಜಿನ ಗೇಟಿನವರೆಗೆ ಬಿಟ್ಟುಬರಲು ಯಾರಾದರೂ ಬೇಕು. ಪುಟ್ಟತ್ತೆಯನ್ನು ಕಳಿಸಿದರು. ಅವಳ ಮದುವೆಯ ಮಾತನ್ನು ಎರಡು ವರ್ಷ ಮುಂದಕ್ಕೆ ಹಾಕಿದರು. ಅವಳನ್ನು ಒಂದು ಮಾತು ಕೇಳಿದ ನೆನಪು ನನಗಿಲ್ಲ.

ಸೇರಿಸಿಕೊಳ್ಳುವ ದಿನ ಅಪ್ಪನಿಗೆ ರಜ ಸಿಗಲಿಲ್ಲ, ನಾವಿಬ್ಬರೇ ಹೋದೆವು. ಗೇಟಿನಲ್ಲಿ ಜವಾನ ನನ್ನ ಎರಡು ಜಡೆ, ಕೆಂಪು ಟೇಪು ನೋಡಿ ಕೈ ಅಡ್ಡ ಹಿಡಿದ.

"ಮಿಡ್ಲಿಸ್ಕೂಲು ಆ ಕಡೀಕೆ ಕಣವ್ವ. ಇದು ಕಾಲೇಜು."

"ಗೊತ್ತು. ಬೋರ್ಡು ಓದಿಕೊಂಡೇ ಬಂದ್ವಿ" ಎಂದಳು ಪುಟ್ಟತ್ತೆ.

"ಯಾರು ಸೇರಾದು? ನೀವಾ?"

"ಇವಳು."

"ಅಯ್ಯೋ ಬುಡವ್ವ. ಬೆಂಚಿನ್ ಮ್ಯಾಲೆ ಕುಂತ್ರೆ ಕಾಲು ನೆಲಕ್ಕೆ ಎಟುಕ್ತವಾ ಇವ್ಳಿಗೆ?"

"ಕಾಲಲ್ಲಿ ಬರೆಯಲ್ಲ ಇವಳು" ಎಂದು ನನ್ನನ್ನು ಮುಂದೆ ತಳ್ಳಿಕೊಂಡು ಒಳಗೆ ನಡೆದಳು.

ಕಚೇರಿಯಲ್ಲಿ ಗುಮಾಸ್ತರು ನನ್ನ ಸರ್ಟಿಫಿಕೇಟು ತೆಗೆದು ಹುಟ್ಟಿದ ತಾರೀಖನ್ನು ಗಟ್ಟಿಯಾಗಿ ಓದಿದರು. ಸೆಪ್ಟೆಂಬರ್ ತಿಂಗಳು. ನಾನು ಹುಟ್ಟಿದ್ದು ಸಂಕ್ರಾಂತಿಯ ಹಿಂದುಮುಂದು. ಗಣೇಶನ ಹಬ್ಬದ ದಿನ ಹುಟ್ಟಿದವಳು ನಮ್ಮ ಮನೆಯಲ್ಲಿ ಒಬ್ಬಳೇ. ಅವಳು ನನ್ನ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಹದಿನೇಳು ಅಂತಿದೆಯಲ್ಲಮ್ಮ" ಎಂದರು ಗುಮಾಸ್ತರು, ಕನ್ನಡಕ ಏರಿಸಿ ನನ್ನನ್ನು ನೋಡುತ್ತಾ. "ಇದು ಯಾವ ಊರಿನ ಹದಿನೇಳು?"

ಆ ಗಳಿಗೆಯಲ್ಲಿ ಅವಳು ಒಂದು ಮಾತು ಆಡಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಅರಕಲಗೂಡಿಗೆ ವಾಪಸು ಹೋಗುತ್ತಿದ್ದೆ. ಹೆಡ್‌ಮೇಷ್ಟ್ರು ಉತ್ತರ ಕೊಡಬೇಕಾಗುತ್ತಿತ್ತು. ಅವಳಿಗೆ ಅವಳ ಹೆಸರು ಸಿಗುತ್ತಿತ್ತು.

"ಕುಳ್ಳು ಸಾರ್. ನಮ್ಮ ಮನೇಲಿ ಎಲ್ಲಾ ಕುಳ್ಳೇ" ಎಂದಳು. ಅವಳು ಹೆಚ್ಚುಕಡಿಮೆ ಬಾಗಿಲ ಚೌಕಟ್ಟಿನಷ್ಟು ಎತ್ತರ ಇದ್ದಳು. ಗುಮಾಸ್ತರು ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ ಸೀಲು ಒತ್ತಿದರು.

ದಾರಿಯಲ್ಲಿ ನಾನು, "ಪುಟ್ಟತ್ತೆ, ಅದು ನಿನ್ನ ತಾರೀಖಲ್ವಾ?" ಎಂದು ಕೇಳಿದೆ.

"ಹೌದು."

"ಈಗೇನು ಮಾಡೋದು?"

"ನೀನು ಓದೋದು. ನಾನು ಮೇಷ್ಟ್ರಿಗೆ ಹೇಳಿ ಸರಿ ಮಾಡಿಸ್ಕೋತೀನಿ. ಕಾಗದ ತಾನೆ, ತಿದ್ದಕ್ಕಾಗಲ್ವಾ" ಎಂದಳು. ಅವಳು ನಿಜವಾಗಿ ನಂಬಿದ್ದಳು. ತಪ್ಪು ಲೆಕ್ಕವನ್ನು ಮೊರ ತಟ್ಟಿ ಮತ್ತೆ ಮಾಡಿದವಳಿಗೆ, ತಿದ್ದಲಾಗದ ತಪ್ಪು ಇರುತ್ತದೆ ಎಂದು ತೋರಿರಲಿಲ್ಲ.

ನಂಜಮ್ಮ ಎಂಬುವರ ಮನೆಯ ಹಿಂಭಾಗದ ಒಂದು ಕೋಣೆ ನಮ್ಮದಾಯಿತು. ಆಗಿನ್ನೂ ಇಂಟರ್‌ಮೀಡಿಯಟ್ ಇತ್ತು, ಎರಡು ವರ್ಷ. ಪುಟ್ಟತ್ತೆ ನನ್ನನ್ನು ಇಂಟರ್‌ಮೀಡಿಯಟ್ಟು ಎಂದೇ ಕರೆಯುತ್ತಿದ್ದಳು. "ಏ ಇಂಟರ್‌ಮೀಡಿಯಟ್ಟು, ತಟ್ಟೆ ಎತ್ತು." "ಇಂಟರ್‌ಮೀಡಿಯಟ್ಟಿಗೆ ಮೂಗು ಸೀಟಿಕೊಳ್ಳೋಕೆ ಬರಲ್ವಾ?" ನಂಜಮ್ಮನವರಿಗೆ ಇದೆಲ್ಲ ಬಲು ಮೋಜು. "ಏನವ್ವ ಪುಟ್ಟಮ್ಮ, ಈ ಮಗೀಗೆ ಕಾಲೇಜಲ್ಲಿ ಏನ್ ಯೋಳ್ಕೊಡ್ತಾರೆ, ಕುಂಟೆಬಿಲ್ಲೆಯಾ?" ಎಂದು ಕೇಳುವರು. ಒಮ್ಮೆ ಅವರು ಮೊರದಲ್ಲಿ ಪುಟ್ಟತ್ತೆಯ ತ್ರಿಕೋನ ನೋಡಿಬಿಟ್ಟರು. "ಇದೇನವ್ವ, ಇಟ್ಟಿನಾಗೆ ಮಾಟ ಮಾಡ್ತಿದೀಯಾ?" ಎಂದರು. "ಹೌದು ನಂಜಮ್ಮನೋರೇ, ಮುದ್ದೆ ಗಂಟಾಗದಿರಲಿ ಅಂತ" ಎಂದಳು ಇವಳು.

ನಾನು ಗಟ್ಟಿಯಾಗಿ ಓದಬೇಕೆಂಬುದು ಅವಳ ಕಟ್ಟಳೆ. ಅವಳು ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳುವಳು. ಬೆಳಿಗ್ಗೆ ನಾನು ಕಾಲೇಜಿಗೆ ಹೋದ ಮೇಲೆ ಆ ದಿನ ಬೇಡವಾದ ಪುಸ್ತಕ ಅವಳದು. ನಾನು ಬಾಯಿಪಾಠ ಮಾಡಿದ್ದನ್ನು ಅವಳು ಅರ್ಥ ಮಾಡಿಕೊಂಡಿರುತ್ತಿದ್ದಳು. ಈ ವ್ಯತ್ಯಾಸ ನನಗೆ ಬಹಳ ತಡವಾಗಿ ತಿಳಿಯಿತು.

ಒಂದು ಸಲ ತ್ರಿಕೋನಮಿತಿಯ ಲೆಕ್ಕವೊಂದು ನನಗೆ ಹತ್ತು ಸಾಲಿನಲ್ಲೂ ಬಗ್ಗಲಿಲ್ಲ. ಪುಟ್ಟತ್ತೆ ಮೊರ ಎಳೆದುಕೊಂಡು ಎರಡು ಗೆರೆ ಹೆಚ್ಚಿಗೆ ಹಾಕಿ ನಾಲ್ಕು ಸಾಲಿನಲ್ಲಿ ಮುಗಿಸಿದಳು. ಅದನ್ನು ನಕಲು ಮಾಡಿಕೊಂಡು ಹೋದೆ. ಲೆಕ್ಚರರು ನನ್ನ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಅದನ್ನು ಬೋರ್ಡಿನ ಮೇಲೆ ಬರೆದರು. "ಈ ದಾರಿ ನನಗೂ ಹೊಳೆದಿರಲಿಲ್ಲ. ಈ ಮಗುವಿನಿಂದ ನೀವೆಲ್ಲ ಕಲೀರಿ" ಎಂದು ಹುಡುಗರಿಗೆ ಹೇಳಿದರು. ಹುಡುಗರು ಮೇಜು ತಟ್ಟಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಕೋಣೆಗೆ ಬಂದು ನಡೆದದ್ದನ್ನು ಹೇಳಿದೆ. ಅವಳ ಮುಖ ಕ್ಷಣ ಹೊತ್ತು ಬೆಳಗಿತು. "ಬೋರ್ಡ್ ಮೇಲೇ ಬರೆದ್ರಾ? ಪೂರ್ತಿ?" ಎಂದಳು. ಆಮೇಲೆ, "ಯಾರು ಮಾಡಿದ್ದು ಅಂತ ಕೇಳಿದ್ರಾ?"

"ಇಲ್ಲ."

"ಹಂಗಾದ್ರೆ ನೀನೇನೂ ಸುಳ್ಳು ಹೇಳಿಲ್ಲ. ಕೈ ತೊಳ್ಕೊಂಡು ಬಾ, ಊಟ ಮಾಡು."

ಅವಳ ಈ ಮಾತನ್ನು ನಾನು ಬಹಳ ವರ್ಷ ನನ್ನ ಅನುಕೂಲಕ್ಕೆ ಬಳಸಿಕೊಂಡೆ. ಯಾರೂ ಕೇಳಲಿಲ್ಲ, ಆದ್ದರಿಂದ ನಾನು ಸುಳ್ಳು ಹೇಳಲಿಲ್ಲ.

ಇಂಟರ್‌ಮೀಡಿಯಟ್ ಮುಗಿಸಿ ಊರಿಗೆ ಬಂದೆವು. ನನ್ನನ್ನು ಮೈಸೂರಿಗೆ ಬಿ.ಎಸ್ಸಿ.ಗೆ ಕಳಿಸುವುದೆಂದು, ಹಾಸ್ಟೆಲಿನಲ್ಲಿ ಬಿಡುವುದೆಂದು ತೀರ್ಮಾನವಾಯಿತು. ಎರಡು ದಿನ ಬಿಟ್ಟು ಪುಟ್ಟತ್ತೆ ಅಪ್ಪನ ಮುಂದೆ ನಿಂತು, "ಅಣ್ಣ, ನಾನು ಎಸ್.ಎಸ್.ಎಲ್.ಸಿ.ಗೆ ಪ್ರೈವೇಟಾಗಿ ಕೂತ್ಕೋತೀನಿ. ಮನೆ ಕೆಲಸ ಬಿಡಲ್ಲ" ಎಂದಳು. ಅವಳು ತನಗಾಗಿ ಬಾಯಿ ಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಪ್ಪ ಬೇಡ ಅನ್ನಲಿಲ್ಲ. ಹೆಡ್‌ಮೇಷ್ಟ್ರನ್ನು ಕೇಳಿಕೊಂಡು ಬಾ ಎಂದರು. ಆ ಉತ್ತರ ಏನಿರುತ್ತದೆಂದು ಅಪ್ಪನಿಗೆ ಗೊತ್ತಿತ್ತು ಎಂದೇ ನಾನು ಈಗ ನಂಬಿದ್ದೇನೆ.

ನಾವಿಬ್ಬರೂ ಹೋದೆವು. ಹೆಡ್‌ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಪುಟ್ಟತ್ತೆ ನಿಂತೇ ಮಾತಾಡಿದಳು: ನಾಲ್ಕನೇ ಫಾರಂವರೆಗೆ ಓದಿದ್ದಕ್ಕೆ ಒಂದು ಸರ್ಟಿಫಿಕೇಟು ಬೇಕು, ಅಷ್ಟೇ.

"ನಿನ್ನದು ಕೊಟ್ಟಾಯ್ತಲ್ಲಮ್ಮ" ಎಂದರು ಅವರು, ನಗುತ್ತಾ. "ಲಕ್ಷ್ಮೀದೇವಮ್ಮ ನಾಲ್ಕನೇ ಫಾರಂ ಓದಿದ್ಲು, ಐದು ಓದಿದ್ಲು, ಆರು ಓದಿದ್ಲು, ಪಾಸಾದ್ಲು. ಇನ್ನೊಂದು ಸಲ ಪಾಸಾಗ್ತೀನಿ ಅಂದ್ರೆ ಸರ್ಕಾರ ಒಪ್ಪುತ್ತಾ?"

"ಇವಳದು ಇವಳಿಗೆ ಮಾಡಿಕೊಡಿ ಸಾರ್. ನಂದು ನಂಗೆ ಬಿಡಿ. ತಿದ್ದಿ."

"ತಿದ್ದಿದ್ರೆ ಇವಳು ಎರಡು ವರ್ಷ ಹಾಸನದಲ್ಲಿ ಓದಿದ್ದು ಎಲ್ಲಾ ನೀರಲ್ಲಿ ಹೋಮ ಆಯ್ತು. ಮೈಸೂರೂ ಇಲ್ಲ, ಏನೂ ಇಲ್ಲ. ನನ್ನ ಕೆಲಸಾನೂ ಹೋಗುತ್ತೆ. ನಿಮ್ಮಣ್ಣ ರುಜು ಹಾಕಿದಾನೆ, ಅವನ್ನೂ ಕೇಳ್ತಾರೆ. ಅಷ್ಟೆಲ್ಲ ಯಾಕೆ? ಮನೆಗೆ ಒಬ್ಬಳು ಓದಿದ್ರೆ ಸಾಲದಾ? ನೀನೇ ಓದಿದೆ ಅಂತ ತಿಳ್ಕೊಳಮ್ಮ."

ನೀನೇ ಓದಿದೆ ಅಂತ ತಿಳ್ಕೊ. ಇದನ್ನು ಅಂದ ಮನುಷ್ಯನಿಗೆ ಈಗ ಅಭಿನಂದನ ಸಂಚಿಕೆ.

ಪುಟ್ಟತ್ತೆ ನನ್ನ ಕಡೆ ತಿರುಗಿದಳು. "ನೀನು ಹೇಳೇ" ಎಂದಳು. "ಒಂದು ವರ್ಷ, ಎರಡು ವರ್ಷ ಹೋಗುತ್ತೆ ನಿಂಗೆ. ನಿಂಗಿನ್ನೂ ಹದಿನಾಲ್ಕು. ನಿನ್ನ ಹೆಸರಲ್ಲೇ ಮತ್ತೆ ಕೂತ್ಕೋ. ನಾನೇ ಹೇಳ್ಕೊಡ್ತೀನಿ."

ಅವಳು ಹೇಳಿದ ಲೆಕ್ಕ ಸರಿಯಾಗಿತ್ತು. ನನಗೆ ಬೇಕಾದಷ್ಟು ವರ್ಷಗಳಿದ್ದವು, ಅವಳಿಗೆ ಇರಲಿಲ್ಲ. ನಾನು ಮೇಜಿನ ಮೇಲಿದ್ದ ಮಸಿ ಕುಡಿಕೆಯನ್ನು ನೋಡುತ್ತಾ ನಿಂತೆ. ಹದಿನಾಲ್ಕರ ಹುಡುಗಿ, ಅವಳಿಗೇನು ತಿಳಿಯುತ್ತದೆ ಎಂದು ಈಗ ಯಾರಾದರೂ ಅಂದರೆ ಒಪ್ಪುವುದಿಲ್ಲ. ನನಗೆ ತಿಳಿದಿತ್ತು. ಮೈಸೂರಿಗೆ ಹೋಗಬೇಕೆಂದು ನನಗೆ ಆಸೆಯಾಗಿತ್ತು.

ಪುಟ್ಟತ್ತೆ "ಬರ್ತೀವಿ ಸಾರ್" ಎಂದು ನಮಸ್ಕಾರ ಮಾಡಿ ಹೊರಟಳು. ಮನೆಗೆ ಬಂದು ಒಲೆ ಹಚ್ಚಿ ಹಿಟ್ಟು ಜರಡಿ ಹಿಡಿದಳು. ನಾನು ನೋಡುತ್ತಿದ್ದೆ. ಬೆರಳು ತಾಗಿಸದೆ ಹಿಟ್ಟನ್ನು ನೇರ ಎಸರಿಗೆ ಹಾಕಿದಳು.

ಅದೇ ವರ್ಷ ಅವಳನ್ನು ಹಿರೀಸಾವೆಗೆ ಕೊಟ್ಟರು. ಗಂಡನದು ರಸ್ತೆ ಬದಿಯ ಹೋಟೆಲು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ದಿನಕ್ಕೆ ಎಷ್ಟು ಸೇರು ಅಕ್ಕಿ ನೆನೆಹಾಕಬೇಕೆಂದು ಅವಳು ಬಸ್ಸುಗಳ ಹೊತ್ತು ನೋಡಿ ಹೇಳುತ್ತಿದ್ದಳಂತೆ, ಅದು ತಪ್ಪುತ್ತಿರಲಿಲ್ಲವಂತೆ. ನಾನು ಹದಿನಾರಕ್ಕೆ ಬಿ.ಎಸ್ಸಿ. ಮುಗಿಸಿದೆ. ಈಗ ಬೆಂಗಳೂರಿನಲ್ಲಿ ಪಾಠ ಹೇಳುತ್ತೇನೆ. ನಡೆದದ್ದನ್ನು ಇದ್ದ ಹಾಗೆ ತಿಳಿಸಿ ವಿದ್ಯಾ ಇಲಾಖೆಗೆ ಅರ್ಜಿಯೊಂದನ್ನು ನಾಲ್ಕು ಸಲ ಬರೆದಿದ್ದೇನೆ. ನಾಲ್ಕೂ ಪೆಟ್ಟಿಗೆಯಲ್ಲಿವೆ. ಕಳಿಸಿದರೆ ಡಿಗ್ರಿ ಹೋಗುತ್ತದೆ, ಕೆಲಸ ಹೋಗುತ್ತದೆ. ಹೆಸರುಗಳನ್ನು ಬದಲಿಸಿದ್ದೂ ಅದಕ್ಕೇ. ಹೆಡ್‌ಮೇಷ್ಟ್ರ ಮೇಲಿನ ಸಿಟ್ಟು, ಅಪ್ಪನ ಮೇಲಿನ ಸಿಟ್ಟು ಬರೆಯಲು ಸುಲಭ. ಪೆಟ್ಟಿಗೆಯ ಬೀಗದ ಕೈ ಮಾತ್ರ ನನ್ನ ಹತ್ತಿರವೇ ಇದೆ.

ಅವಳನ್ನು ಕೊನೆಯ ಸಲ ಕಂಡದ್ದು ಹೋದ ವರ್ಷ ಶಾಲೆಗಳು ತೆರೆಯುವ ಹೊತ್ತಿಗೆ. ಹಾಸನಕ್ಕೆ ಹೊರಟಿದ್ದವಳು ಹಿರೀಸಾವೆಯಲ್ಲಿ ಇಳಿದೆ. ಅವಳು ಮಗಳನ್ನು ಶಾಲೆಗೆ ಸೇರಿಸಲು ಹೊರಟು ನಿಂತಿದ್ದಳು. "ಸರಿಯಾದ ಹೊತ್ತಿಗೆ ಬಂದೆ, ನಡಿ ಇಂಟರ್‌ಮೀಡಿಯಟ್ಟು" ಎಂದಳು.

ಶಾಲೆಯ ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಲು ಹೋದರು. ವಯಸ್ಸು ನೋಡುವ ಕ್ರಮ ಅದೇ ತಾನೆ. ಪುಟ್ಟತ್ತೆ ಮಗುವಿನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ಕಿವಿ ಬೇಡಿ ಸಾ. ಹುಟ್ಟಿದ ದಿನ ಬರ್ಕೊಂಡು ಬಂದಿದೀನಿ."

"ಒಂದು ವರ್ಸ ಮುಂದಕ್ಕಾಕ್ತೀನಿ ಬುಡಿ ತಾಯಿ. ಚುರುಕಾಗವ್ಳೆ, ಬೇಗ ಓದಿ ಮುಗಿಸ್ತಾಳೆ."

"ಬೇಡಿ. ಅವಳು ಹುಟ್ಟಿದ್ದು ಯಾವತ್ತೋ ಅದನ್ನೇ ಹಾಕಿ. ಬೇಗ ಮುಗಿಸೋ ಅವಸರ ನಮಗಿಲ್ಲ."

ಮಗುವಿನ ಹೆಸರು ಕುಸುಮ. ಮನೆದೇವರ ಹೆಸರಲ್ಲ. ಎರಡೂ ಕಡೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಮೇಷ್ಟ್ರು ಬರೆಯುವಾಗ ಪುಟ್ಟತ್ತೆ ಮೇಜಿನ ಮೇಲೆ ಬಾಗಿ ಒಂದೊಂದು ಅಕ್ಷರವನ್ನೂ ನೋಡಿದಳು. ಮಸಿ ಆರುವ ತನಕ ಪುಟ ಮಗುಚಲು ಬಿಡಲಿಲ್ಲ.

"ತಾಯಿದು ಓದು?" ಎಂದರು ಮೇಷ್ಟ್ರು.

"ಬಿ.ಎಸ್ಸಿ." ಎಂದಳು ಪುಟ್ಟತ್ತೆ.

ಮೇಷ್ಟ್ರು ಜೋರಾಗಿ ನಕ್ಕರು. "ಒಳ್ಳೆ ತಮಾಸೆ ಮಾಡ್ತೀರಿ ಕಣವ್ವ ನೀವು." ಅವಳೂ ನಕ್ಕಳು. ಅವರು ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದರು.

ತಾರೀಖು ಸರಿ ಎಂದು ತಾಯಿಯ ರುಜು, ಕೆಳಗೆ ಓದಿದವರೊಬ್ಬರ ಸಾಕ್ಷಿ ರುಜು ಬೇಕಿತ್ತು. ಪುಟ್ಟತ್ತೆ ಲಕ್ಷ್ಮೀದೇವಮ್ಮ ಎಂದು ಬರೆದು ಪೆನ್ನನ್ನು ನನಗೆ ಕೊಟ್ಟಳು. ನಾನು ಅದರ ಕೆಳಗೆ ಲಕ್ಷ್ಮೀದೇವಮ್ಮ ಎಂದು ಬರೆದು ನಿಲ್ಲಿಸಿದೆ.

"ಇಬ್ರದೂ ಒಂದೇ ಎಸ್ರಾ?" ಎಂದರು ಮೇಷ್ಟ್ರು.

"ಹೂಂ ಸಾ" ಎಂದಳು ಅವಳು. "ಇವಳು ಆ ಹೆಸರಲ್ಲಿ ಓದಿದ್ಲು. ನನ್ನನ್ನ ಆ ಹೆಸರಲ್ಲಿ ಯಾರೂ ಕರೀಲೂ ಇಲ್ಲ."

ನಾನು ಪೆನ್ನು ಕೆಳಗಿಡಲು ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ದಿನವೂ ರುಬ್ಬುವ ಕೈ, ಬಿಗಿಯಾಗಿತ್ತು.

"ಪೂರ್ತಿ ಬರಿ. ಮುಂದೆ ಬಿ.ಎಸ್ಸಿ. ಅಂತ ಹಾಕು" ಎಂದಳು. "ನೀನು ಬಿಟ್ರೆ ಅದು ನಂಗೆ ಬರುತ್ತೇನೇ?"

ಬರೆದೆ. ಅವಳು ಬಾಗಿ ಓದಿ ನೋಡಿ, ಮಗಳ ಕೈ ಹಿಡಿದುಕೊಂಡು ಹೊರಗೆ ನಡೆದಳು. ಹತ್ತೂವರೆಯ ಬಸ್ಸಿಗೆ ಹೋಟೆಲಿನಲ್ಲಿ ಇಡ್ಲಿ ಇಳಿಸಬೇಕಿತ್ತು.